ಸುಳುಹಿನ ಗುಣದೋಷ ವಿಚಾರ: ಪ್ರಹೇಲಿಕೆಯಿಂದ ಪದಬಂಧದವರೆಗೆ

೧

ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ, ಸಿಂಧನೂರಿನಿಂದ ಮಾನ್ವಿಯ ಕಡೆಗೆ ಹೋಗುವ ಹಾದಿಯಲ್ಲಿ, ಜವಳಗೇರಾ ಎಂಬ ಗ್ರಾಮವಿದೆ. ಈ ಹೆಸರಿಗೆ ಅರ್ಥವೇನೆಂದು ವಿಚಾರಿಸತೊಡಗಿದರೆ ಒಂದಲ್ಲ, ಹಲವು ಉತ್ತರಗಳು ಎದುರಾಗುತ್ತವೆ. ಉತ್ತರಪದವಾದ 'ಗೇರಾ' ಎಂಬುದು 'ಕೇರಿ' ಎಂಬುದರಿಂದ ಬಂದುದೆಂದು ಹೇಳಬಹುದು. 'ಕೆರೆ' ಎಂಬುದರಿಂದ ಬಂದುದೆಂದೂ ಹೇಳಬಹುದು. ಸಮಾಸದಲ್ಲಿ ಉತ್ತರಪದದ ಕಕಾರವು ಗಕಾರವಾಗುವ ಆದೇಶಸಂಧಿಯು ಕೇಶಿರಾಜನ ಕಾಲದಿಂದಲೂ ವೈಯಾಕರಣರಿಗೆ ಸುಪರಿಚಿತವಾದುದು; ಅದು ಈ ಎರಡು ಪದಗಳಿಗೂ ಸಮಾನವಾಗಿ ಸಲ್ಲುತ್ತದೆ. ನೆರೆಯ ಕುಷ್ಟಗಿ ಸೀಮೆಯ ತಾವರಗೇರಾ ಎಂಬ ಹೆಸರನ್ನು ನೋಡಿದರೆ ತಾವರೆಯ ಕೆರೆ ನೆನಪಾಗಿ, ಎರಡನೆಯ ಪಕ್ಷವು ತುಸು ಬಲಪಡುತ್ತದೆ, ಆದರೆ ನಿರ್ಣಯವಾಗುವುದಿಲ್ಲ.

ಪೂರ್ವಪದದ ತೊಡಕು ಇದಕ್ಕಿಂತ ಹೆಚ್ಚಿನದು. 'ಜವಳಿ' ಎಂದರೆ ಬಟ್ಟೆ; ಅದೇ ಪದಕ್ಕೆ ಜೋಡಿ, ಅವಳಿ ಎಂಬ ಅರ್ಥವೂ ಹಳೆಯ ಕನ್ನಡದಲ್ಲಿ ಉಂಟು. 'ಜವಳ' ಎಂದರೆ ಮಕ್ಕಳ ಚೌಲಕರ್ಮ. 'ಜವಳು' ಎಂದರೆ ನೀರು ನಿಂತು ಕೆಟ್ಟ ನೆಲ. 'ಸವಳು ಜವಳು' ಎಂಬ ಜೋಡುನುಡಿಯು ಈ ಸೀಮೆಯ ಒಕ್ಕಲಿಗರ ಬಾಯಲ್ಲಿ ಇಂದಿಗೂ ಇದೆ. ಜವಳಿಗರ ಕೇರಿಯೋ, ಜೋಡಿ ಕೆರೆಯೋ, ಜವಳು ನೆಲದ ಕೆರೆಯೋ ಎಂಬ ಪ್ರಶ್ನೆಗೆ ಹೆಸರು ತಾನಾಗಿಯೇ ಉತ್ತರ ಹೇಳಲಾರದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಬಳಿಕ ಈ ಸೀಮೆಯಲ್ಲಿ ಜವಳು ಹೆಚ್ಚಿತೆಂಬುದನ್ನು ಮುಂದಿಟ್ಟು ಕೊನೆಯ ಪಕ್ಷವನ್ನು ಸಾಧಿಸುವುದೂ ಸರಿಯಲ್ಲ. ಊರಿನ ಹೆಸರು ಕಾಲುವೆಗಿಂತ ಹಳೆಯದು.

ಹೀಗೆ ಜವಳಗೇರಾ ಎಂಬುದು ಒಂದು ಸುಳುಹು. ಆದರೆ ದುರ್ಬಲವಾದ ಸುಳುಹು. ಅದು ಕಠಿಣವಾಗಿರುವುದರಿಂದ ದುರ್ಬಲವಾದುದಲ್ಲ. ಹಲವು ಉತ್ತರಗಳಿಗೆ ಸಮವಾಗಿ ಬಾಗಿಲು ತೆರೆದಿಟ್ಟು, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬೇಕಾದ ಎರಡನೆಯ ಆಧಾರವನ್ನು ಕೊಡದಿರುವುದರಿಂದ ಅದು ದುರ್ಬಲವಾಯಿತು. ಒಗಟು, ಮುಂಡಿಗೆ, ಶಾಸನಗಳ ಕಾಲಸೂಚನೆ, ಈಗಿನ ಪತ್ರಿಕೆಗಳ ಪದಬಂಧ ಇವೆಲ್ಲಕ್ಕೂ ಈ ಒಂದು ಭೇದವು ಸಮಾನವಾದುದು. ಯಾವ ಸುಳುಹು ಜಾಣ್ಮೆಯದು, ಯಾವುದು ಟೊಳ್ಳಾದುದು ಎಂಬ ವಿಚಾರವು ಬರಿಯ ವಿನೋದಕ್ಕೆ ಸೇರಿದುದೆಂದು ತೋರಬಹುದು. ಆದರೆ ಇದರ ಮೇಲೆ ಅರಸರ ಕಾಲನಿರ್ಣಯವೂ ಒಂದು ಸಲ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ನಿಂತಿವೆ. ಆದುದರಿಂದ ಇದರ ಪೂರ್ವೋತ್ತರಗಳನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

೨

ಪ್ರಹೇಲಿಕೆಯು ಬಹು ಪ್ರಾಚೀನವಾದ ವಿದ್ಯೆ. ವಾತ್ಸ್ಯಾಯನನ ಕಾಮಸೂತ್ರವು ಎಣಿಸುವ ಅರುವತ್ತುನಾಲ್ಕು ಕಲೆಗಳಲ್ಲಿ ಅದೂ ಒಂದು. ಬಾಣಭಟ್ಟನ ಕಾದಂಬರಿಯಲ್ಲಿ ಶೂದ್ರಕನು ಹೊತ್ತು ಕಳೆಯುತ್ತಿದ್ದ ವಿನೋದಗಳ ಸಾಲಿನಲ್ಲಿ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಗೂಢಚತುರ್ಥಪಾದ, ಪ್ರಹೇಲಿಕೆ ಇವು ಬಂದಿವೆ. ಅಕ್ಷರವೊಂದನ್ನು ಕಿತ್ತರೆ ಅರ್ಥ ಬದಲಾಗುವುದು, ಸ್ವರಚಿಹ್ನೆಯೊಂದು ಜಾರಿದರೆ ಪದ ಬೇರಾಗುವುದು, ಬರಿಯ ಬಿಂದುಗಳನ್ನು ಕೊಟ್ಟು ಪದ್ಯವನ್ನು ತುಂಬಿಸುವುದು ಮುಂತಾದ ಈ ಆಟಗಳಿಗೂ ಇಂದಿನ ಪದಬಂಧದ ಚಮತ್ಕಾರಗಳಿಗೂ ನಡುವೆ ಇರುವ ದೂರ ಅಲ್ಪವೆಂಬುದು ಸ್ಪಷ್ಟವಾಗಿದೆ.

ಲಕ್ಷಣಕಾರರಲ್ಲಿ ಈ ವಿದ್ಯೆಗೆ ಸ್ಥಾನ ಕೊಡಬೇಕೇ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಭಾಮಹನು ಇದನ್ನು ಆದರಿಸಲಿಲ್ಲ. ಶಾಸ್ತ್ರದಂತೆ ವ್ಯಾಖ್ಯಾನದಿಂದಲೇ ತಿಳಿಯಬೇಕಾದ ಕಾವ್ಯವು ಬುದ್ಧಿವಂತರಿಗೆ ಹಬ್ಬವಾದರೂ ಮಂದಮತಿಗಳನ್ನು ಕೆಡಹುತ್ತದೆಂಬುದು ಅವನ ಆಕ್ಷೇಪ. ದಂಡಿಯಾದರೋ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಯ ಪ್ರಯೋಜನವನ್ನು ಹೇಳಿಯೇ ಮುಂದುವರಿದನು. ಗೋಷ್ಠಿಯ ವಿನೋದ, ಜನರ ನಡುವೆ ತಿಳಿದವರೊಡನೆ ಗುಟ್ಟಾಗಿ ಮಾತನಾಡುವುದು, ಪರರನ್ನು ಬೆರಗುಗೊಳಿಸುವುದು ಎಂಬ ಮೂರು ಸಂದರ್ಭಗಳಲ್ಲಿ ಅದು ಉಪಯುಕ್ತವೆಂದು ಅವನ ಮತ. ಬಳಿಕ ಪೂರ್ವಾಚಾರ್ಯರು ಹದಿನಾರು ಸಾಧುಪ್ರಹೇಲಿಕೆಗಳನ್ನೂ ಹದಿನಾಲ್ಕು ದುಷ್ಟಪ್ರಹೇಲಿಕೆಗಳನ್ನೂ ಹೇಳಿದ್ದಾರೆಂದು ತಿಳಿಸಿ, ದೋಷಗಳಿಗೆ ಕೊನೆಯಿಲ್ಲವಾದುದರಿಂದ ಸಾಧುವಾದವುಗಳನ್ನು ಮಾತ್ರ ವಿವರಿಸುತ್ತಾನೆ. ಆ ಲಕ್ಷಣಗಳಿಗೆ ಒಳಪಡದುದು ದುಷ್ಟವೆಂದೇ ತಿಳಿಯಬೇಕು. ಒಗಟಿಗೂ ನ್ಯಾಯವುಂಟು, ಅದನ್ನು ಮೀರಿದ ಒಗಟು ಎಷ್ಟೇ ಕಠಿಣವಾಗಿದ್ದರೂ ಅಸಾಧು ಎಂಬ ಭಾವನೆಯು ಈ ದೇಶದಲ್ಲಿ ಹದಿಮೂರು ಶತಮಾನಗಳಷ್ಟು ಹಳೆಯದೆಂಬುದು ಇದರಿಂದ ವಿದಿತವಾಗುತ್ತದೆ.

ದಂಡಿಯ ಭೇದಗಳಲ್ಲಿ ಕೆಲವನ್ನು ಕನ್ನಡದ ಮಾತಿನಲ್ಲಿಯೇ ಪರೀಕ್ಷಿಸಬಹುದು. ಒಂದು ಅರ್ಥದಲ್ಲಿ ರೂಢವಾದ ಪದವನ್ನು ಇನ್ನೊಂದರಲ್ಲಿ ಬಳಸಿ ಕೇಳುವವನನ್ನು ವಂಚಿಸುವುದು 'ವಂಚಿತಾ'. 'ಹುಡುಕೆಂದರೂ ಎದ್ದು ಬರುವ ದೊರೆ' ಎಂದರೆ ಉತ್ತರ 'ಅರಸು'. ಒಂದೇ ಪದವು ನಾಮವಾದಾಗ ದೊರೆ, ಕ್ರಿಯೆಯಾದಾಗ ಹುಡುಕು. ಇಲ್ಲಿ ಮೋಸವಿದ್ದರೂ ಸುಳ್ಳಿಲ್ಲ. ಸುಳುಹಿನ ಪ್ರತಿಯೊಂದು ಪದಕ್ಕೂ ಕೆಲಸವಿದೆ. ಉತ್ತರವು ತಿಳಿದಕೂಡಲೆ ಎರಡು ದಾರಿಗಳೂ ಒಂದೇ ಮನೆಗೆ ಸೇರುತ್ತವೆ.

ಸಂಧಿಯಿಂದ ಪದಗಳು ಬೆರೆತು ಅರ್ಥವು ಮರೆಯಾಗುವುದು 'ಸಮಾಗತಾ'. 'ಮರವಿಲ್ಲದ ಊರು' ಎಂದಾಗ ಕೇಳುವವನು ಬಯಲುಸೀಮೆಯ ಬೋಳು ಹಳ್ಳಿಯನ್ನು ಊಹಿಸುತ್ತಾನೆ. ಮರ ಎಂಬುದಕ್ಕೆ ಬದಲಾಗಿ ಮರವು, ಎಂದರೆ ಮರೆವು, ಎಂದು ಬಿಡಿಸಿದರೆ ಅದು ಏನನ್ನೂ ಮರೆಯದ ಊರಾಗುತ್ತದೆ. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಹಳಗನ್ನಡದಲ್ಲಿ ಗಿಡಮರದ ರೇಫವೂ ಮರೆವಿನ ಶಕಟರೇಫವೂ ಬೇರೆಬೇರೆ; ಒಂದು 'ಮರ', ಇನ್ನೊಂದು 'ಮಱವು'. ಕೇಶಿರಾಜನ ಕಾಲದ ಪಂಡಿತನು ಈ ಒಗಟನ್ನು ಅಕ್ಷರದೋಷವೆಂದು ತಳ್ಳಿಹಾಕುತ್ತಿದ್ದನು. ಶಕಟರೇಫವು ಬಳಕೆಯಿಂದ ಹೋದ ಬಳಿಕ ಅದೇ ಒಗಟು ನಿರ್ದುಷ್ಟವಾಯಿತು. ಸುಳುಹಿನ ಗುಣದೋಷಗಳು ಅದರ ಮಾತಿನಲ್ಲಿ ಮಾತ್ರವಲ್ಲ, ಕಾಲದಲ್ಲಿಯೂ ಇವೆಯೆಂಬುದಕ್ಕೆ ಇದೊಂದು ನಿದರ್ಶನ.

ಚ್ಯುತಾಕ್ಷರಕ್ಕೆ ಉದಾಹರಣೆ: 'ತಲೆಯಿದ್ದರೆ ಕೊಳದ ಸಿರಿ, ತಲೆ ಹೋದರೆ ಕೊಳೆ'. ಉತ್ತರ 'ಕಮಲ', ಮೊದಲಕ್ಷರ ಹೋದರೆ 'ಮಲ'. ಅಕ್ಷರಗಳನ್ನು ಹಿಂದುಮುಂದಾಗಿಸುವ ಗತಪ್ರತ್ಯಾಗತದ ಜಾಡಿನಲ್ಲಿ ಇನ್ನೊಂದು: 'ಹಗಲಿರುಳು ಹರಿಯುವುದು, ಹಿಂತಿರುಗಿದರೆ ತಾನೇ ಹಗಲಿರುಳಾಗುವುದು'. ಉತ್ತರ 'ನದಿ', ತಿರುಗಿಸಿದರೆ 'ದಿನ'. ಈ ಎರಡರಲ್ಲಿಯೂ ವಸ್ತುವಿನ ವರ್ಣನೆಯೊಂದು, ಪದದ ರಚನೆಯೊಂದು, ಹೀಗೆ ಎರಡು ಸೂಚನೆಗಳಿವೆ. ಒಂದರಿಂದ ಊಹಿಸಿದುದನ್ನು ಇನ್ನೊಂದರಿಂದ ತಾಳೆನೋಡಬಹುದು. ಇದಕ್ಕೆ ಪ್ರತಿಯಾಗಿ 'ಎರಡಕ್ಷರದ ಒಂದು ಮರ' ಎಂದರೆ ಬೇವು, ಮಾವು, ಬನ್ನಿ, ಜಾಲಿ, ಅತ್ತಿ, ಆಲ ಎಲ್ಲವೂ ಸಲ್ಲುತ್ತವೆ. ಈ ಸುಳುಹು ಸುಲಭವಾಗಿ ಕಂಡರೂ ಬಿಡಿಸಲು ಅಸಾಧ್ಯವಾದುದು. ಸುಲಭತೆಯು ಗುಣವೆಂದೂ ಕಾಠಿಣ್ಯವು ದೋಷವೆಂದೂ ಭಾವಿಸುವುದು ತಪ್ಪೆಂಬುದು ಇಲ್ಲಿ ಸಿದ್ಧವಾಗುತ್ತದೆ.

೩

ಮಾರ್ಗದ ಪ್ರಹೇಲಿಕೆಗೆ ದೇಶಿಯಲ್ಲಿ ಸಂವಾದಿಯಾದುದು ಒಗಟು. ಉತ್ತರ ಕರ್ಣಾಟಕದಲ್ಲಿ ಅದಕ್ಕೆ ಒಡಪು ಎಂಬ ಹೆಸರೂ ಇದೆ. ಮದುವೆಯಲ್ಲಿ ಹೆಣ್ಣುಗಂಡುಗಳು ಪರಸ್ಪರರ ಹೆಸರನ್ನು ಬರಿದೆ ಉಚ್ಚರಿಸದೆ ಪ್ರಾಸದ ಮಾತಿನಲ್ಲಿ ಹುದುಗಿಸಿ ಹೇಳುವುದಕ್ಕೂ ಇದೇ ಹೆಸರು ಸಲ್ಲುತ್ತದೆ. ಕೇಳುವವರಿಗೆಲ್ಲ ಹೆಸರು ಮೊದಲೇ ಗೊತ್ತು. ಕುತೂಹಲವು ಉತ್ತರದಲ್ಲಿಲ್ಲ, ಅದನ್ನು ಹುದುಗಿಸುವ ಬಗೆಯಲ್ಲಿದೆ. ಸಂಸ್ಕೃತಜ್ಞರು ಅಂತರ್ಲಾಪವೆಂದು ಕರೆಯುವ, ಉತ್ತರವನ್ನು ಪದ್ಯದೊಳಗೇ ಇಟ್ಟುಕೊಂಡ ಪ್ರಶ್ನೆಗೆ ಇದು ಹತ್ತಿರದ ನೆಂಟ.

ಈ ಎರಡರಿಂದ ಭಿನ್ನವಾದುದು ಬೆಡಗು. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ವಿಜಯನಗರದ ಕಾಲದಲ್ಲಿ ಟೀಕೆಗಳು ಹುಟ್ಟಿದುವು. ಶೂನ್ಯಸಂಪಾದನೆಯ ಮೊದಲ ಸಂಕಲನವನ್ನು ಮಾಡಿದ ಶಿವಗಣಪ್ರಸಾದಿ ಮಹಾದೇವಯ್ಯನೂ ಹದಿನೈದನೆಯ ಶತಮಾನಕ್ಕೆ ಸೇರಿದವನು. ಹರಿದಾಸರಲ್ಲಿ ಕನಕದಾಸರ ಮುಂಡಿಗೆಗಳು ಪ್ರಸಿದ್ಧವಾಗಿವೆ. ಮುಂಡಿಗೆ ಎಂಬ ಪದಕ್ಕೆ ನೆಟ್ಟ ಕಂಬವೆಂಬ ಅರ್ಥವೂ ಪಂಡಿತರು ಒಡ್ಡುವ ಪಂಥವೆಂಬ ಅರ್ಥವೂ ಉಂಟು. ಹಾಡಿನ ರೂಪದಲ್ಲಿ ಎದುರಿಗೆ ನೆಟ್ಟುದನ್ನು ಬಲ್ಲವರು ಎತ್ತಬೇಕೆಂಬುದು ಆ ಹೆಸರಿನ ಸ್ವಾರಸ್ಯ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಏಕೈಕ ಉತ್ತರವಿಲ್ಲದ ಸುಳುಹು ದುರ್ಬಲವೆಂದಾದರೆ, ಟೀಕಾಕಾರರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬಿಡಿಸಿರುವ ಬೆಡಗು ಮತ್ತು ಮುಂಡಿಗೆಗಳೂ ದುರ್ಬಲವೇ ಆಗಬೇಕಷ್ಟೆ? ಹಾಗಲ್ಲ. ಬೆಡಗು ಒಂದು ವಸ್ತುವಿನ ಹೆಸರನ್ನು ಕೇಳುವುದಿಲ್ಲ. ಒಂದು ಅನುಭವದ ಕಡೆಗೆ ಕೈತೋರುತ್ತದೆ. ಅದಕ್ಕೂ ಎರಡನೆಯ ಆಧಾರವುಂಟು. ಮನಸ್ಸಿಗೆ ಕೋಡಗ, ದೇಹಕ್ಕೆ ಊರು ಎಂಬಂತಹ ಸಂಕೇತಗಳು ಗುರುಶಿಷ್ಯಪರಂಪರೆಯಲ್ಲಿ ನಿಯತವಾಗಿದ್ದುವು. ಆ ಸಂಕೇತಗಳನ್ನು ಬಲ್ಲವನಿಗೆ ವಚನವು ಮನಬಂದಂತೆ ತೆರೆದುಕೊಳ್ಳುವುದಿಲ್ಲ. ಒಂದು ಜಾಡಿನಲ್ಲಿಯೇ ತೆರೆದುಕೊಳ್ಳುತ್ತದೆ. ಟೀಕೆಗಳ ಭಿನ್ನತೆಯು ಆ ಜಾಡಿನೊಳಗಿನ ಭಿನ್ನತೆ. ದಂಡಿಯು ಹೇಳಿದ 'ತಿಳಿದವರೊಡನೆ ಗುಟ್ಟಿನ ಮಾತು' ಎಂಬ ಪ್ರಯೋಜನವು ಇಲ್ಲಿ ಅತ್ಯಂತ ಗಂಭೀರವಾದ ರೂಪವನ್ನು ತಾಳಿದೆ.

ಜವಳಗೇರಾದ ಸುತ್ತಣ ಸೀಮೆಯು ಈ ಸಂಪ್ರದಾಯಕ್ಕೆ ಹೊರಗಿನದಲ್ಲ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಈ ದೋಆಬಿನವರೇ. ಜಗನ್ನಾಥದಾಸರ ಹರಿಕಥಾಮೃತಸಾರಕ್ಕೆ ಹಲವು ವ್ಯಾಖ್ಯಾನಗಳು ಹುಟ್ಟಿದುವು. ಭಾಮಹನು ದೋಷವೆಂದ ವ್ಯಾಖ್ಯಾಗಮ್ಯತೆಯು ಕೃತಿಯನ್ನು ಕೊಲ್ಲದೆ, ಅದರ ಸುತ್ತ ಓದುವವರ ಕೂಟವೊಂದನ್ನು ಕಟ್ಟಿ ಬೆಳೆಯಿಸಿದುದಕ್ಕೆ ಈ ಸೀಮೆಯೇ ಸಾಕ್ಷಿ. ಆದರೆ ಕೂಟವು ಚದುರಿದರೆ ಏನಾದೀತೆಂಬ ಶಂಕೆಯು ಉಳಿದೇ ಇರುತ್ತದೆ. ಅದನ್ನು ಮುಂದೆ ವಿಚಾರಿಸಲಾಗುವುದು.

೪

ಸುಳುಹನ್ನು ಬಿಡಿಸುವ ವಿದ್ಯೆಯು ಇತಿಹಾಸಕಾರನಿಗೆ ನಿತ್ಯದ ಕೆಲಸವಾಗುವುದು ಶಾಸನಗಳ ಕಾಲಸೂಚನೆಯಲ್ಲಿ. ಶಕವರ್ಷವನ್ನು ಅಂಕಿಗಳಲ್ಲಿ ಬರೆಯದೆ ಪದಗಳಲ್ಲಿ ಹೇಳುವ ಭೂತಸಂಖ್ಯೆಯ ಕ್ರಮವು ಸರ್ವವಿದಿತವಾದುದು. ಚಂದ್ರ ಎಂದರೆ ೧, ಗುಣ ಎಂದರೆ ೩, ಬಾಣ ಎಂದರೆ ೫, ವಸು ಎಂದರೆ ೮. ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕೆಂಬುದು ನಿಯಮ. ಆದರೆ ಕೆಲವು ಪದಗಳು ಎರಡು ನಾಲಗೆಯವು. ಸಮುದ್ರವೆಂದರೆ ನಾಲ್ಕೂ ಆಗುತ್ತದೆ, ಏಳೂ ಆಗುತ್ತದೆ. ರಸವೆಂದರೆ ಆರೂ ಆಗುತ್ತದೆ, ಒಂಬತ್ತೂ ಆಗುತ್ತದೆ. ಭುವನವು ಮೂರೋ ಹದಿನಾಲ್ಕೋ ಆಗಬಹುದು.

ಇದರ ಪರಿಣಾಮವನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆಯು ಸಾಕು. ಒಂದು ಶಾಸನದಲ್ಲಿ 'ವಸು, ಸಮುದ್ರ, ಗುಣ, ಚಂದ್ರ' ಎಂದು ಶಕವರ್ಷವನ್ನು ಹೇಳಿದೆಯೆಂದು ಇಟ್ಟುಕೊಳ್ಳೋಣ. ಸಮುದ್ರವನ್ನು ನಾಲ್ಕೆಂದು ಹಿಡಿದರೆ ಶಕ ೧೩೪೮, ಎಂದರೆ ಕ್ರಿ.ಶ. ೧೪೨೬, ಏಳೆಂದು ಹಿಡಿದರೆ ಶಕ ೧೩೭೮, ಎಂದರೆ ಕ್ರಿ.ಶ. ೧೪೫೬. ಮೂವತ್ತು ವರ್ಷಗಳ ಅಂತರ. ಮೊದಲನೆಯದು ವಿಜಯನಗರದ ಇಮ್ಮಡಿ ದೇವರಾಯನ ಆಳಿಕೆಯೊಳಗೆ ಬೀಳುತ್ತದೆ. ಎರಡನೆಯದು ಅವನು ತೀರಿಹೋದ ಬಳಿಕ ಬರುತ್ತದೆ. ಪದಗಳಷ್ಟೇ ಉಳಿದಿದ್ದರೆ ನಿರ್ಣಯವಿಲ್ಲ. ಅದೇ ಶಾಸನದಲ್ಲಿ ಸಂವತ್ಸರದ ಹೆಸರೂ ಇದ್ದರೆ ಸಂದೇಹವು ಕ್ಷಣದಲ್ಲಿ ಕಳೆಯುತ್ತದೆ. ಶಕ ೧೩೪೮ ಪರಾಭವ ಸಂವತ್ಸರ, ಶಕ ೧೩೭೮ ಧಾತು ಸಂವತ್ಸರ.

ಸಂವತ್ಸರವೊಂದೇ ಇದ್ದರೂ ಸಾಲದು. ಅದು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ವಿಜಯನಗರದ ಸ್ಥಾಪನೆಗೆ ಪರಂಪರೆಯು ಹೇಳುವ ಶಕ ೧೨೫೮ ಕೂಡ ಧಾತುವೇ. ಬಿಡಿಯಾಗಿ ನೋಡಿದರೆ ಎರಡೂ ದುರ್ಬಲವಾದ ಸುಳುಹುಗಳು. ಅಡ್ಡಕ್ಕೊಂದು ಉದ್ದಕ್ಕೊಂದು ನಿಂತು ಒಂದೇ ಮನೆಯಲ್ಲಿ ಸಂಧಿಸಿದಾಗ ಮಾತ್ರ ಎರಡೂ ಬಲವಾಗುತ್ತವೆ. ತಿಥಿವಾರಗಳು ಸೇರಿದರೆ ಮೂರನೆಯ ಪರೀಕ್ಷೆಯೂ ದೊರೆಯುತ್ತದೆ. ಜೆ. ಎಫ್. ಫ್ಲೀಟ್, ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆ ಮೊದಲಾದ ವಿದ್ವಾಂಸರ ಕಾಲಗಣನೆಯ ಶ್ರಮವೆಲ್ಲ ಈ ತಾಳೆನೋಡುವಿಕೆಗಾಗಿಯೇ ವಿನಿಯೋಗವಾಯಿತು. ತಾಳೆ ಬೀಳದ ತೇದಿಯುಳ್ಳ ಶಾಸನದ ಮೇಲೆ ಕೂಟವೆಂಬ ಸಂಶಯ ಹುಟ್ಟುವುದೂ ಈ ಕಾರಣದಿಂದಲೇ.

೫

ಅಡ್ಡದ ಸುಳುಹು ಉದ್ದದ ಸುಳುಹನ್ನು ನಿಶ್ಚಯಪಡಿಸುವುದಕ್ಕೆ ಭಾರತದ ಇತಿಹಾಸದಲ್ಲಿಯೇ ಅತ್ಯಂತ ಪ್ರಸಿದ್ಧವಾದ ಉದಾಹರಣೆಯು ಜವಳಗೇರಾದ ನೆರೆಯಲ್ಲಿಯೇ ಇದೆ, ಅದು ಮಸ್ಕಿ.

೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪನು ಬ್ರಾಹ್ಮೀಲಿಪಿಯನ್ನು ಓದಿದಾಗ, ಕಂಬಗಳಲ್ಲಿಯೂ ಬಂಡೆಗಳಲ್ಲಿಯೂ ಆಜ್ಞೆಗಳನ್ನು ಕೆತ್ತಿಸಿದವನು 'ದೇವಾನಂಪಿಯ ಪಿಯದಸಿ' ಎಂಬ ಅರಸನೆಂದು ತಿಳಿಯಿತು. ದೇವತೆಗಳಿಗೆ ಪ್ರಿಯನಾದವನು, ಪ್ರಿಯವಾಗಿ ನೋಡುವವನು. ಇವು ಬಿರುದುಗಳೇ ಹೊರತು ಹೆಸರಲ್ಲ. ಪ್ರಿನ್ಸೆಪನು ಮೊದಲು ಇವನನ್ನು ಸಿಂಹಳದ ದೇವಾನಂಪಿಯ ತಿಸ್ಸನೆಂದು ಭಾವಿಸಿದನು. ಸುಳುಹು ಇಬ್ಬರಿಗೂ ಹೊಂದುತ್ತಿದ್ದುದರಿಂದ ಆ ತಪ್ಪು ಸಹಜವಾಗಿತ್ತು. ಅದೇ ವರ್ಷದಲ್ಲಿ ಸಿಂಹಳದಲ್ಲಿದ್ದ ಜಾರ್ಜ್ ಟರ್ನರನು, ಪಿಯದಸ್ಸಿಯು ಚಂದ್ರಗುಪ್ತನ ಮೊಮ್ಮಗನಾದ ಅಶೋಕನೇ ಎಂಬುದನ್ನು ದೀಪವಂಸದ ಆಧಾರದಿಂದ ತೋರಿಸಿದನು. ಬಿರುದು ಒಂದು ಸೂಚನೆ, ಪಾಲಿಯ ವಂಶಕಥನ ಇನ್ನೊಂದು. ಎರಡೂ ಸೇರಿ ಉತ್ತರವನ್ನು ಕೊಟ್ಟುವು. ಆದರೂ ಶಾಸನಗಳು ಬಾಯಿಬಿಟ್ಟು ಆ ಹೆಸರನ್ನು ಹೇಳಿರಲಿಲ್ಲ. ೧೮೯೨ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಕಂಡುಹಿಡಿದ ಶಾಸನಗಳಲ್ಲಿಯೂ ಬಿರುದೇ ಇತ್ತು.

೧೯೧೫ರಲ್ಲಿ ನಿಜಾಮರ ಸೀಮೆಯಲ್ಲಿ ಬಂಗಾರದ ಗಣಿಗಳ ಶೋಧನೆಯಲ್ಲಿದ್ದ ಸಿ. ಬೀಡನ್ ಎಂಬ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಬಂಡೆಯ ಮೇಲಣ ಅಕ್ಷರಗಳನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದಿನ ಪುರಾತತ್ತ್ವಮಾಲೆಯ ಮೊದಲನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ 'ದೇವಾನಂಪಿಯಸ ಅಸೋಕಸ' ಎಂದಿತ್ತು. ಎಪ್ಪತ್ತೆಂಟು ವರ್ಷಗಳ ಹಿಂದೆ ಎರಡು ಸುಳುಹುಗಳಿಂದ ಕಟ್ಟಿದ ಉತ್ತರವು ಬಂಡೆಯ ಮೇಲೆಯೇ ಬರೆದುದಾಗಿ ದೊರೆಯಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ೧೯೭೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಉಡೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಶಾಸನಗಳು ಬೆಳಕಿಗೆ ಬಂದುವು.

ಮಸ್ಕಿಯ ಶಾಸನವು ಟರ್ನರನ ಉತ್ತರವನ್ನು ಬದಲಾಯಿಸಲಿಲ್ಲ. ಆ ಉತ್ತರವನ್ನು ತಲಪಿದ ಕ್ರಮವು ನ್ಯಾಯವಾದುದೆಂದು ತೋರಿಸಿಕೊಟ್ಟಿತು. ಒಳ್ಳೆಯ ಸುಳುಹಿನ ಪರೀಕ್ಷೆಯೂ ಇದೇ. ಉತ್ತರವು ಬಯಲಾದ ಮೇಲೆ ಹಿಂದಿರುಗಿ ನೋಡಿದರೆ ಸುಳುಹಿನ ಎಲ್ಲ ಅಂಗಗಳೂ ಅದರ ಕಡೆಗೇ ಮುಖಮಾಡಿರಬೇಕು. ಬಿಡಿಸಲಾರದೆ ಸೋತವನು ಉತ್ತರ ಕೇಳಿದಾಗ 'ಇದು ನನಗೆ ಹೊಳೆಯಬೇಕಾಗಿತ್ತು' ಎಂದುಕೊಂಡರೆ ಸುಳುಹು ಗೆದ್ದಿತು. 'ಇದೇ ಏಕೆ, ಅದೇಕಲ್ಲ' ಎಂದು ಕೇಳಿದರೆ ಸುಳುಹು ಸೋತಿತು.

೬

ಪದಬಂಧವು ಈ ಪ್ರಾಚೀನ ವಿದ್ಯೆಗೆ ದೊರೆತ ಹೊಸ ಚೌಕಟ್ಟು. ೧೯೧೩ರ ಡಿಸೆಂಬರ್ ೨೧ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವನು ಪ್ರಕಟಿಸಿದ ಬಂಧವು ಇದರ ಆದಿಯೆಂದು ಎಣಿಸಲ್ಪಟ್ಟಿದೆ. ಇಂಗ್ಲೆಂಡಿಗೆ ಬಂದ ಬಳಿಕ ಅದರ ಸುಳುಹುಗಳು ಗೂಢವಾದುವು. ಎಡ್ವರ್ಡ್ ಪೋಯಿಸ್ ಮ್ಯಾದರ್ಸನು ಟಾರ್ಕೆಮಾಡ ಎಂಬ ಹೆಸರಿನಲ್ಲಿಯೂ ಅವನ ತರುವಾಯ ಡಿ. ಎಸ್. ಮ್ಯಾಕ್‌ನಟ್ಟನು ಕ್ಸಿಮಿನೀಸ್ ಎಂಬ ಹೆಸರಿನಲ್ಲಿಯೂ 'ಅಬ್ಸರ್ವರ್' ಪತ್ರಿಕೆಗೆ ಬಂಧಗಳನ್ನು ರಚಿಸಿದರು. ಎರಡೂ ಸ್ಪೇನಿನ ಧರ್ಮವಿಚಾರಣೆಯ ಅಧಿಕಾರಿಗಳ ಹೆಸರುಗಳು. ಓದುಗನಿಗೆ ಯಾತನೆ ಕೊಡುವುದೇ ತಮ್ಮ ಕೆಲಸವೆಂಬ ವಿನೋದವು ಅದರಲ್ಲಿತ್ತು. ಆದರೆ ಆ ಯಾತನೆಗೂ ನಿಯಮವುಂಟೆಂದು ಸಾರಿದವರೂ ಇವರ ಬಳಗದವರೇ. ೧೯೪೯ರಲ್ಲಿ ಎ. ಎಫ್. ರಿಚಿಯು, ಸುಳುಹುಗಾರನ ಮಾತಿಗೆ ಮೇಲುನೋಟದ ಅರ್ಥವೇ ಅಭಿಪ್ರೇತವಾಗಿರಬೇಕಾಗಿಲ್ಲ, ಆದರೆ ಅಭಿಪ್ರೇತವಾದುದನ್ನು ಮಾತು ಹೇಳಿಯೇ ಇರಬೇಕು ಎಂಬ ತತ್ತ್ವವನ್ನು ಪ್ರತಿಪಾದಿಸಿದನು. ೧೯೬೬ರಲ್ಲಿ ಮ್ಯಾಕ್‌ನಟ್ಟನು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವಗಳ ಸಾರವನ್ನು, ನಿಖರವಾದ ಅರ್ಥಸೂಚನೆ, ನ್ಯಾಯವಾದ ರಚನಾಸೂಚನೆ, ಇವೆರಡನ್ನುಳಿದು ಮತ್ತೇನೂ ಇರಕೂಡದು ಎಂಬ ಮೂರು ಅಂಗಗಳಲ್ಲಿ ಹೇಳಬಹುದು. ದಂಡಿಯ ಸಾಧುಪ್ರಹೇಲಿಕೆಯ ವಿಚಾರವನ್ನು ಓದಿದವರಿಗೆ ಇದು ಹೊಸದೆನಿಸಲಾರದು.

ಕನ್ನಡದ ಪದಬಂಧಕ್ಕೆ ತನ್ನದೇ ಆದ ಕಟ್ಟುಪಾಡುಗಳಿವೆ. ರೋಮನ್ ಲಿಪಿಯಲ್ಲಿ ಒಂದು ಮನೆಗೆ ಒಂದು ವರ್ಣ. ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ, ಎಂದರೆ ವ್ಯಂಜನವೂ ಅದರ ಒತ್ತೂ ಸ್ವರವೂ ಬಿಂದುವೂ ಕೂಡಿದ ಸಮುದಾಯ. ಮಸ್ಕಿಗೆ ಎರಡು ಮನೆಗಳು ಸಾಕು. ಸಿಂಧನೂರಿಗೆ ನಾಲ್ಕು, ಲಿಂಗಸುಗೂರಿಗೂ ಜವಳಗೇರಾಕ್ಕೂ ಐದು. ಅಡ್ಡಸಾಲೂ ಉದ್ದಸಾಲೂ ಕೂಡುವ ಮನೆಯಲ್ಲಿ ಎರಡು ಪದಗಳಿಗೂ ಅದೇ ಗುಣಿತವಿರಬೇಕು; ಅಡ್ಡಕ್ಕೆ 'ಗೂ' ಇದ್ದು ಉದ್ದಕ್ಕೆ 'ಗು' ಬಂದರೆ ಬಂಧವು ಒಡೆಯಿತು. ಆದುದರಿಂದ ಚೌಕಟ್ಟನ್ನು ತುಂಬುವುದು ಇಲ್ಲಿ ಕಷ್ಟತರ. ಆದರೆ ಒಂದು ಮನೆಯು ತುಂಬಿತೆಂದರೆ ಅದು ಕೊಡುವ ನಿಶ್ಚಯವೂ ಅಧಿಕತರ. ವರ್ಣಗಳನ್ನು ಕಲಕಿ ಬೇರೆ ಪದ ಮಾಡುವ ಇಂಗ್ಲಿಷಿನ ಚಮತ್ಕಾರಕ್ಕೆ ಇಲ್ಲಿ ಅವಕಾಶವು ಕಡಿಮೆ. ಚ್ಯುತಾಕ್ಷರ, ಗತಪ್ರತ್ಯಾಗತ, ಶ್ಲೇಷ, ಸಂಧಿವಿಚ್ಛೇದ ಇವುಗಳಿಗೆ ಹೆಚ್ಚು. ಅ. ನಾ. ಪ್ರಹ್ಲಾದರಾವ್ ಅವರು ರಚಿಸಿರುವ ಸಾವಿರಾರು ಪದಬಂಧಗಳು ಈ ಕಲೆಯು ಕನ್ನಡದಲ್ಲಿ ಎಷ್ಟು ಬೇರುಬಿಟ್ಟಿದೆಯೆಂಬುದನ್ನು ತೋರಿಸುತ್ತವೆ.

ಸುಳುಹಿನ ದೌರ್ಬಲ್ಯವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದುದುಂಟು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಹುಮಾನದ ಪದಬಂಧಗಳು ದೇಶದಲ್ಲೆಲ್ಲ ಹಬ್ಬಿದ್ದುವು. ಪ್ರವೇಶಧನವನ್ನು ಕೊಟ್ಟು ಉತ್ತರಗಳನ್ನು ಕಳುಹಬೇಕು. ಸಂಚಾಲಕರು ಮೊದಲೇ ಸಿದ್ಧಪಡಿಸಿದ್ದ ಉತ್ತರಕ್ಕೆ ಹೊಂದಿದವರಿಗೆ ಹಣ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯ ಮೂಲಕ ನಡೆಯುತ್ತಿದ್ದ ಆರ್.ಎಂ.ಡಿ.ಸಿ. ಪದಬಂಧಗಳು ಮುಂಬಯಿ ಪ್ರಾಂತದಲ್ಲಿಯೂ ವಿಶೇಷ ಪ್ರಚಾರದಲ್ಲಿದ್ದುವು. ಮುಂಬಯಿ ಸರಕಾರವು ಇವುಗಳ ಮೇಲೆ ತೆರಿಗೆಯನ್ನೂ ನಿಯಂತ್ರಣವನ್ನೂ ವಿಧಿಸಿತು. ೧೯೫೫ರಲ್ಲಿ ಕೇಂದ್ರದ ಬಹುಮಾನ ಸ್ಪರ್ಧಾ ಕಾಯಿದೆಯು ತಿಂಗಳಿಗೆ ಸಾವಿರ ರೂಪಾಯಿಗೆ ಮೀರಿದ ಬಹುಮಾನಗಳನ್ನು ನಿಷೇಧಿಸಿತು. ಈ ವ್ಯಾಜ್ಯಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೭ರ ಏಪ್ರಿಲ್ ೯ರಂದು ತೀರ್ಪುಗಳನ್ನು ಕೊಟ್ಟಿತು. ಮೊದಲೇ ಗೊತ್ತುಮಾಡಿದ ಉತ್ತರವನ್ನು ಊಹಿಸುವುದಷ್ಟೇ ಸ್ಪರ್ಧಿಯ ಕೆಲಸವಾದರೆ ಅಲ್ಲಿ ಬುದ್ಧಿಗೆ ಸ್ಥಾನವಿಲ್ಲ, ಅದು ಜೂಜು ಎಂಬುದು ಅಲ್ಲಿಯ ವಿಚಾರ. ೧೯೩೬ರಲ್ಲಿ ವರದಿಯಾದ ಇಂಗ್ಲೆಂಡಿನ ತೀರ್ಪೊಂದೂ ಅದಕ್ಕೆ ಬೆಂಬಲವಾಗಿತ್ತು. ೧೯೫೫ರ ಕಾಯಿದೆಯು ಜೂಜಿನ ಸ್ವರೂಪದ ಸ್ಪರ್ಧೆಗಳಿಗೆ ಮಾತ್ರ ಅನ್ವಯಿಸತಕ್ಕದ್ದು, ಬುದ್ಧಿಕೌಶಲವೇ ಪ್ರಧಾನವಾದವುಗಳಿಗೆ ಅಲ್ಲ ಎಂದೂ ನಿರ್ಣಯವಾಯಿತು.

ಅರಳಿಸಿ ನೋಡಿದರೆ ಇದು ಸುಳುಹಿನ ಗುಣದೋಷದ ನಿರ್ಣಯವೇ ಆಗಿದೆ. ಎರಡಕ್ಷರದ ಮರವನ್ನು ಕೇಳಿ, ಬೇವು ಮಾವುಗಳಲ್ಲಿ ಒಂದನ್ನು ಲಕೋಟೆಯಲ್ಲಿ ಮುಚ್ಚಿಟ್ಟವನು ಓದುಗನ ಜಾಣ್ಮೆಯನ್ನು ಪರೀಕ್ಷಿಸುತ್ತಿಲ್ಲ, ಅದೃಷ್ಟವನ್ನು ಮಾರುತ್ತಿದ್ದಾನೆ. ಅಲ್ಲಿ ದುರ್ಬಲವಾದ ಸುಳುಹು ಅಜಾಗರೂಕತೆಯ ಫಲವಲ್ಲ. ಅದೇ ವ್ಯಾಪಾರದ ಮೂಲಧನ. ದುಷ್ಟಪ್ರಹೇಲಿಕೆ ಎಂಬ ಮಾತಿಗೆ ಇದಕ್ಕಿಂತ ಅನ್ವರ್ಥವಾದ ಲಕ್ಷ್ಯವು ದೊರೆಯುವುದು ಕಷ್ಟ.

೭

ಇದುವರೆಗೆ ಹೇಳಿದುದರಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ಒಳ್ಳೆಯ ಸುಳುಹಿಗೆ ಒಂದಕ್ಕಿಂತ ಹೆಚ್ಚು ಆಧಾರಗಳಿದ್ದು ಅವು ಒಂದರಲ್ಲಿಯೇ ಸಂಧಿಸಬೇಕು; ಅದರಲ್ಲಿ ಮರೆಯಿರಬಹುದು, ಸುಳ್ಳಿರಬಾರದು; ಕೇಳುವವನೂ ಹೇಳುವವನೂ ಒಂದೇ ಅರಿವಿನ ನೆಲದ ಮೇಲೆ ನಿಂತಿರಬೇಕು. ಮೊದಲನೆಯ ಎರಡು ಸುಳುಹುಗಾರನ ಕೈಯಲ್ಲಿವೆ. ಮೂರನೆಯದು ಅವನ ಕೈಯಲ್ಲಿಲ್ಲ.

ರಾಯಚೂರಿನ ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚಿಡುವ ಪದ್ಧತಿಯಿತ್ತು. 'ಹೊಟ್ಟೆ ತುಂಬಿದರೆ ತನ್ನ ಬಾಯಿಗೆ ಮಣ್ಣು; ಹೊಟ್ಟೆ ಬರಿದಾದರೆ ಊರ ಬಾಯಿಗೆ ಮಣ್ಣು' ಎಂದು ಒಡಪು ಹಾಕಿದರೆ, ಬರವನ್ನು ಕಂಡ ಮುದುಕನಿಗೆ ಉತ್ತರವು ಕೂಡಲೆ ಹೊಳೆಯುತ್ತದೆ; ಬಾಯಿಗೆ ಮಣ್ಣು ಬೀಳುವುದೆಂಬ ನುಡಿಗಟ್ಟಿನ ಎರಡು ಅರ್ಥಗಳೂ ಅವನ ಎದೆಗೆ ತಟ್ಟುತ್ತವೆ. ೧೯೫೦ರ ದಶಕದಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಕಾಲುವೆಯ ನೀರು ಹರಿದು, ಎರೆಯ ಹೊಲಗಳು ಭತ್ತದ ಗದ್ದೆಗಳಾದುವು. ಜವಳಗೇರಾದಲ್ಲಿ ಸಾವಿರಾರು ಎಕರೆಗಳ ಬೀಜೋತ್ಪಾದನೆಯ ಕ್ಷೇತ್ರವು ಏರ್ಪಟ್ಟಿತು. ಹಗೇವನ್ನು ಕಾಣದೆ ಬೆಳೆದ ಹುಡುಗನಿಗೆ ಇದೇ ಒಡಪು ಅರ್ಥವಿಲ್ಲದ ಮಾತು. ಸುಳುಹಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಅದರ ಕಾಲ ಕೆಳಗಣ ನೆಲವು ಬದಲಾಗಿದೆ.

ಬೆಡಗಿಗೆ ಟೀಕೆ ಬರೆದವರು, ಮುಂಡಿಗೆಯನ್ನು ಎತ್ತಿದವರು, ಭೂತಸಂಖ್ಯೆಯ ಕೋಷ್ಟಕಗಳನ್ನು ಕಟ್ಟಿದವರು, ಪಾಲಿಯ ಓಲೆಗಳನ್ನು ತಿರುವಿಹಾಕಿದ ಟರ್ನರನು ಇವರೆಲ್ಲರೂ ಆ ನೆಲವನ್ನು ಉಳಿಸಿಕೊಟ್ಟವರು. ಒಗಟುಗಳನ್ನು ಸಂಗ್ರಹಿಸುವವರು ಉತ್ತರವನ್ನು ಮಾತ್ರ ಬರೆದಿಟ್ಟರೆ ಸಾಲದು. ಆ ವಸ್ತುವು ಹೇಗಿತ್ತು, ಯಾವ ಕೆಲಸಕ್ಕೆ ಬರುತ್ತಿತ್ತು, ಜನರು ಅದನ್ನು ಕುರಿತು ಹೇಗೆ ಮಾತನಾಡುತ್ತಿದ್ದರು ಎಂಬುದನ್ನೂ ಬರೆದಿಡಬೇಕು. ಗ್ರಾಮನಾಮಗಳಿಗೂ ಇದೇ ನ್ಯಾಯ. ಜವಳಗೇರಾ ಎಂಬ ಹೆಸರಿಗೆ ಉತ್ತರವನ್ನು ಊಹಿಸಿ ಮುದ್ರೆಯೊತ್ತುವುದಕ್ಕಿಂತ, ಅದರ ಹಳೆಯ ರೂಪವುಳ್ಳ ಶಾಸನವೋ ಕಡತವೋ ದೊರೆಯುವವರೆಗೆ ಆ ಮನೆಗಳನ್ನು ಖಾಲಿಯಾಗಿ ಬಿಡುವುದೇ ಸರಿಯಾದ ಮಾರ್ಗ. ಮಸ್ಕಿಯ ಬಂಡೆಯು ಇಪ್ಪತ್ತೆರಡು ಶತಮಾನಗಳ ಕಾಲ ಓದುವವನಿಗಾಗಿ ಕಾದಿತ್ತೆಂಬುದು ಈ ಸೀಮೆಯವರಿಗೆ ಹೊಸ ವಿಷಯವೇನೂ ಅಲ್ಲ.